ಕಪ್ಪು ಕನ್ನಡಿಯ ಮುಂದೆ ಮ್ಯಾಕ್ರೋ ಲೆನ್ಸ್

ಅಯಸ್ಕಾಂತ ಹತ್ತಿರ ಬಂದರೆ ಮುಳ್ಳುಮುಳ್ಳಾಗಿ ಏಳುವ ಕಪ್ಪು ದ್ರವವೇ ಕಾಂತದ್ರವ (ಫೆರೋಫ್ಲೂಯಿಡ್). ಅದರ ಮುಳ್ಳುಗಳನ್ನು ಹತ್ತಿರದಿಂದ ಸೆರೆಹಿಡಿಯಲು ಕುಳಿತ ಮೊದಲ ರಾತ್ರಿ ನಾನು ತೆಗೆದ ಅರವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಕಂಡದ್ದು ಕಪ್ಪು ಬಯಲು ಮತ್ತು ಅದರ ಮೇಲೆ ಚೆದುರಿದ ಬಿಳಿ ಚುಕ್ಕೆಗಳು ಮಾತ್ರ. ಬೆಳಕು ಸಾಲದೆಂದುಕೊಂಡು ಫ್ಲ್ಯಾಶ್ ಹೆಚ್ಚಿಸಿದೆ. ಚುಕ್ಕೆಗಳು ಇನ್ನಷ್ಟು ಉರಿದವೇ ಹೊರತು ಮುಳ್ಳಿನ ಮೈ ಕಾಣಲಿಲ್ಲ.

ಈ ದ್ರವದಲ್ಲಿ ಸುಮಾರು 10 ನ್ಯಾನೋಮೀಟರ್ ಗಾತ್ರದ, ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಕಣಗಳು, ಒಂದಕ್ಕೊಂದು ಅಂಟಿಕೊಳ್ಳದಂತೆ ಓಲಿಕ್ ಆಮ್ಲದಂಥ ಪದಾರ್ಥದ ಲೇಪ ಹೊತ್ತು, ಎಣ್ಣೆಯಲ್ಲಿ ಹರಡಿಕೊಂಡಿರುತ್ತವೆ. ತೂಕವಿಲ್ಲದ ಸ್ಥಿತಿಯಲ್ಲೂ ರಾಕೆಟ್ ಇಂಧನವನ್ನು ಅಯಸ್ಕಾಂತದಿಂದ ಎಳೆದುಕೊಳ್ಳುವಂತಾಗಲಿ ಎಂದು ನಾಸಾದ ಸ್ಟೀವ್ ಪ್ಯಾಪೆಲ್ 1963ರಲ್ಲಿ ರೂಪಿಸಿದ್ದು ಇಂಥ ದ್ರವವನ್ನೇ. ಛಾಯಾಗ್ರಾಹಕನಿಗೆ ಮುಖ್ಯವಾದ ಸಂಗತಿ ಬೇರೆ: ಒಳಹೊಕ್ಕ ಬೆಳಕನ್ನು ಈ ಕಣಗಳು ನುಂಗಿಬಿಡುತ್ತವೆ, ಮೇಲ್ಮೈ ಮಾತ್ರ ಗಾಜಿನಷ್ಟು ನುಣುಪಾಗಿರುತ್ತದೆ. ಅಂದರೆ ಇದು ಕಪ್ಪು ಕನ್ನಡಿ. ಇದಕ್ಕೆ ಬೆಳಕು ಚೆಲ್ಲಿ ಫಲವಿಲ್ಲ, ಇದು ಪ್ರತಿಬಿಂಬಿಸಲು ಏನನ್ನಾದರೂ ಎದುರಿಗೆ ಇಡಬೇಕು.

ಮರುದಿನ ದ್ರವವಿದ್ದ ತಟ್ಟೆಯ ಮೂರು ಕಡೆ ಟ್ರೇಸಿಂಗ್ ಪೇಪರಿನ ಗೋಡೆ ಕಟ್ಟಿ, ದೀಪಗಳನ್ನು ಅದರ ಹೊರಗಿಟ್ಟೆ. ಆಗ ಪ್ರತಿ ಮುಳ್ಳಿನ ಪಕ್ಕದಲ್ಲೂ ಬುಡದಿಂದ ತುದಿಯವರೆಗೆ ಒಂದು ಬಿಳಿ ಪಟ್ಟಿ ಎದ್ದು, ಆಕಾರವನ್ನು ಅದೇ ಬರೆದು ತೋರಿಸಿತು. ಇಡೀ ಗೋಡೆ ಒಂದೇ ಸಮನೆ ಬೆಳಗಿದರೆ ಮುಳ್ಳು ತಗಡಿನ ತುಂಡಿನಂತೆ ಸಪ್ಪೆಯಾಗುತ್ತದೆ. ಕಾಗದದ ನಡುವೆ ಅಂಗೈಯಗಲದ ಕಪ್ಪು ರಟ್ಟನ್ನು ಅಂಟಿಸಿದ ಮೇಲೆಯೇ ಬಿಳಿಯ ಪಕ್ಕದಲ್ಲಿ ನೆರಳು ಬಂದು ದುಂಡನೆಯ ಭಾವ ಮೂಡಿತು. ಪ್ರತಿಫಲನ ತಗ್ಗಿಸಲು ಒಮ್ಮೆ ಪೋಲರೈಸರ್ ಹಾಕಿ ನೋಡಿದೆ, ಚಿತ್ರವೇ ಮಂಕಾಯಿತು. ಇಲ್ಲಿ ಪ್ರತಿಫಲನವನ್ನು ಕಳೆದರೆ ಉಳಿಯುವುದಾದರೂ ಏನು?

ಅಯಸ್ಕಾಂತವನ್ನು ಕೈಯಲ್ಲಿ ಹಿಡಿಯುವ ಗೋಜಿಗೆ ಹೋಗಬಾರದು. ಕಾಂತಕ್ಷೇತ್ರವು ಒಂದು ಮಿತಿಯನ್ನು ದಾಟುವವರೆಗೆ ಗುರುತ್ವವೂ ಮೇಲ್ಮೈ ಸೆಳೆತವೂ ಸೇರಿ ದ್ರವವನ್ನು ಸಮತಟ್ಟಾಗಿ ಇಡುತ್ತವೆ, ದಾಟಿದೊಡನೆ ಮುಳ್ಳುಗಳು ಒಮ್ಮೆಲೇ ಏಳುತ್ತವೆ. ಕೌಲಿ ಮತ್ತು ರೋಸೆನ್ಸ್‌ವೈಗ್ ಎಂಬ ವಿಜ್ಞಾನಿಗಳು 1967ರಲ್ಲಿ ವಿವರಿಸಿದ್ದು ಇದನ್ನೇ. ಆದ್ದರಿಂದ ತಟ್ಟೆಯ ಕೆಳಗೆ ನಿಯೋಡಿಮಿಯಂ ಅಯಸ್ಕಾಂತವನ್ನು ತಿರುಪಿನ ಮೇಲೆ ಕೂರಿಸಿ, ಕಾಲು ಸುತ್ತಿನಂತೆ ಮೇಲೇರಿಸುತ್ತೇನೆ. ಹತ್ತಿರ ಬಂದಷ್ಟೂ ಮುಳ್ಳುಗಳು ಸಣ್ಣವಾಗಿ ಒತ್ತೊತ್ತಾಗುತ್ತವೆ. ನನ್ನ ಕಣ್ಣಿಗೆ ಚೆಂದ ಕಾಣುವುದು ಅವು ಆಗಷ್ಟೇ ಎದ್ದ, ದಪ್ಪ ಬುಡದ ಹಂತ.

ಒಮ್ಮೆ ಅವಸರದಲ್ಲಿ ಇನ್ನೊಂದು ಅಯಸ್ಕಾಂತವನ್ನು ತಟ್ಟೆಯ ಮೇಲಿನಿಂದ ತಂದಾಗ ದ್ರವ ಚಿಮ್ಮಿ ಅದಕ್ಕೇ ಹತ್ತಿಕೊಂಡಿತು. ಎಷ್ಟು ಒರೆಸಿದರೂ ಮತ್ತೆ ಮುಳ್ಳಾಗಿ ನಿಲ್ಲುತ್ತಿತ್ತು, ಬೆರಳುಗಳ ಕಂದು ಕಲೆ ಬಹಳ ಹೊತ್ತು ಹೋಗಲಿಲ್ಲ. ಈಗ ಅಯಸ್ಕಾಂತಕ್ಕೆ ಮೊದಲೇ ಪ್ಲಾಸ್ಟಿಕ್ ಚೀಲ ಸುತ್ತಿರುತ್ತೇನೆ. ಒಳಗಿನಿಂದ ಅದನ್ನು ಜಾರಿಸಿ ತೆಗೆದರೆ ದ್ರವ ಚೀಲದಲ್ಲೇ ಉಳಿಯುತ್ತದೆ.

ಫೋಕಸ್ ವಿಷಯದಲ್ಲಿ ಆಟೋಫೋಕಸನ್ನು ನಂಬಲಾಗದು, ಏಕೆಂದರೆ ಅದು ಮೇಲ್ಮೈಯನ್ನು ಬಿಟ್ಟು ಒಳಗೆ ಕಾಣುವ ದೀಪದ ಬಿಂಬವನ್ನು ಹಿಡಿಯುತ್ತದೆ. ಮುಳ್ಳಿನ ಅಂಚನ್ನೋ ಅದರ ಮೇಲೆ ಕುಳಿತ ಧೂಳಿನ ಕಣವನ್ನೋ ಗುರಿಯಾಗಿಟ್ಟು ಕೈಯಿಂದಲೇ ಹೊಂದಿಸುವುದು ವಾಸಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 1:1 ಅಳತೆಯಲ್ಲಿ, ಅಂದರೆ ವಸ್ತುವಿನ ಬಿಂಬ ಸೆನ್ಸರಿನ ಮೇಲೆ ಅದರ ನಿಜ ಗಾತ್ರದಲ್ಲೇ ಬೀಳುವಾಗ, ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರವನ್ನು) ಎಫ್/11ರಷ್ಟು ಕಿರಿದಾಗಿ ಇಟ್ಟರೂ ಸ್ಪಷ್ಟವಾಗಿ ಬರುವ ಆಳ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅಪರ್ಚರ್ ಇನ್ನೂ ಕಿರಿದಾಗಿಸಿದರೆ ವಿವರ್ತನೆಯಿಂದ, ಅಂದರೆ ಕಿರಿದಾದ ರಂಧ್ರದಲ್ಲಿ ಬೆಳಕು ಹರಡಿಕೊಳ್ಳುವುದರಿಂದ, ಚಿತ್ರ ಮೃದುವಾಗುತ್ತದೆ. ಹಾಗಾಗಿ ಲೆನ್ಸನ್ನು ಅರ್ಧ ಮಿಲಿಮೀಟರಿನಂತೆ ಸರಿಸುತ್ತ ಹಲವು ಚಿತ್ರ ತೆಗೆದು, ಅವುಗಳ ಸ್ಪಷ್ಟ ಭಾಗಗಳನ್ನು ಒಂದೇ ಚಿತ್ರವಾಗಿ ಜೋಡಿಸುತ್ತೇನೆ.

ಹೀಗೆ ಜೋಡಿಸಿದ ಮೊದಲ ಚಿತ್ರದಲ್ಲಿ ತುದಿಗಳೆಲ್ಲ ಎರಡೆರಡಾಗಿದ್ದವು. ಯಾರೂ ಮೇಜನ್ನು ಮುಟ್ಟಿರಲಿಲ್ಲ. ಚಿತ್ರ ತೆಗೆಯುವಾಗ ನಾನೇ ಕೋಣೆಯಲ್ಲಿ ಓಡಾಡಿದ್ದೆ. ಈಗ ನೆಲದ ಮೇಲೆ ಕುಳಿತು, ಮೇಲ್ಮೈಯ ನಡುಕ ನಿಲ್ಲುವವರೆಗೆ ಹತ್ತು ಎಣಿಸಿ, ಆಮೇಲೆ ರಿಮೋಟ್ ಒತ್ತುತ್ತೇನೆ.