ಕಳೆ ತುಂಬಿದ ಹಿತ್ತಿಲ ಲಾನ್: ನೀವೇ ಸರಿಪಡಿಸುವುದು ಹೇಗೆ?

ಹಿತ್ತಿಲ ಲಾನ್ ಕಳೆಯಲ್ಲಿ ಮುಚ್ಚಿಹೋದಾಗ ಹೆಚ್ಚಿನವರು ಮಾಡುವುದು ಒಂದೇ: ಶನಿವಾರ ಅಗೆದು, ಭಾನುವಾರ ಹೊಸ ಹುಲ್ಲು ನೆಟ್ಟು ಕೈ ತೊಳೆದುಕೊಳ್ಳುತ್ತಾರೆ. ಹೊಸ ಹುಲ್ಲು ಬೇರೂರುವ ಮೊದಲೇ ಹಳೆಯ ಕಳೆ ಎದ್ದು ನಿಲ್ಲುತ್ತದೆ. ಆಗ ಬೈಸಿಕೊಳ್ಳುವುದು ಮಾತ್ರ ಹುಲ್ಲು, ‘ತಳಿ ಸರಿಯಿಲ್ಲ’ ಎಂದು. ಅಗೆಯುವುದಕ್ಕೂ ನೆಡುವುದಕ್ಕೂ ನಡುವೆ ಆರೇಳು ವಾರ ನೆಲವನ್ನು ಬರಿದಾಗಿ ಬಿಡುವ ತಾಳ್ಮೆ ಯಾರಿಗೂ ಇಲ್ಲ. ಲಾನ್ ಉಳಿಯುವುದೋ ಹಾಳಾಗುವುದೋ ತೀರ್ಮಾನವಾಗುವುದೇ ಆ ವಾರಗಳಲ್ಲಿ.

ಅಗೆಯಲೇಬೇಕೇ?

ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ ಇನ್ನೂ ಒಳ್ಳೆಯ ಹುಲ್ಲಿದ್ದರೆ ಅಗೆಯಬೇಡಿ. ಕಳೆ ಕಿತ್ತು, ತೋಟದ ಕೆಲಸದ ಉದ್ದ ಹಲ್ಲುಗಳ ಫೋರ್ಕ್‌ನಿಂದ ನೆಲ ಚುಚ್ಚಿ, ಗೊಬ್ಬರ ಕೊಟ್ಟು, ಹುಲ್ಲನ್ನು ಸ್ವಲ್ಪ ಎತ್ತರಕ್ಕೆ ಬೆಳೆಯಲು ಬಿಟ್ಟರೆ ಅದೇ ಹರಡಿಕೊಳ್ಳುತ್ತದೆ. ಕಳೆಯೇ ಹೆಚ್ಚಿದ್ದರೆ ಮಾತ್ರ ಮುಂದಿನದನ್ನು ಓದಿ.

ಹುಲ್ಲು ಯಾಕೆ ಸೋತಿತು ಎಂದು ಮೊದಲು ನೋಡಿ. ಒದ್ದೆ ನೆಲಕ್ಕೂ ಸ್ಕ್ರೂಡ್ರೈವರ್ ಸಲೀಸಾಗಿ ಇಳಿಯದಿದ್ದರೆ ಮಣ್ಣು ಗಟ್ಟಿಯಾಗಿದೆ. ಮಳೆ ನಿಂತು ಗಂಟೆಗಳಾದರೂ ನೀರು ಹರಿದುಹೋಗದೆ ನಿಂತೇ ಇದ್ದರೆ ಇಳಿಜಾರು ಸರಿಯಿಲ್ಲ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದ ಕಡೆ ಗರಿಕೆ ಜಾತಿಯ ಹುಲ್ಲು ಚೆನ್ನಾಗಿ ಬರುವುದಿಲ್ಲ; ಅಲ್ಲಿಗೆ ನೆರಳು ತಾಳುವ ಅಗಲ ಎಲೆಯ ಹುಲ್ಲು ಬೇಕು.

ಜೇಕು ಇದೆಯೇ ನೋಡಿ

ಕಳೆಗಳಲ್ಲೆಲ್ಲ ಕಾಡುವುದು ಜೇಕು. ತುಂಗೆ, ಕೊನ್ನಾರಿ ಎಂದೆಲ್ಲ ಕರೆಯುವುದೂ ಇದನ್ನೇ. ನೋಡಲು ಹುಲ್ಲಿನ ಹಾಗೇ ಇರುತ್ತದೆ. ಹೂ ಬಿಟ್ಟ ದಂಟನ್ನು ಬೆರಳುಗಳ ನಡುವೆ ಹೊರಳಿಸಿ: ಮೂರು ಅಂಚು ಕೈಗೆ ತಾಗಿದರೆ ಅದು ಜೇಕು. ಬುಡವನ್ನು ನಿಧಾನಕ್ಕೆ ಬಿಡಿಸಿದರೆ ದಾರದಂಥ ಬಿಳಿ ಎಳೆ, ಅದರ ತುದಿಗೆ ಒಂದೆರಡು ಸೆಂ.ಮೀ. ಉದ್ದದ ಕಂದುಗಪ್ಪು ಗಡ್ಡೆ, ಅಲ್ಲಿಂದ ಮತ್ತೊಂದು ಎಳೆ, ಮತ್ತೊಂದು ಗಡ್ಡೆ ಕಾಣುತ್ತವೆ. ಮೇಲಿನ ಚಿಗುರನ್ನಷ್ಟೇ ಕಿತ್ತರೆ ಕೆಳಗಿನ ಗಡ್ಡೆಯಲ್ಲಿ ಮಲಗಿದ್ದ ಮೊಗ್ಗುಗಳು ಎಚ್ಚರಗೊಳ್ಳುತ್ತವೆ. ಒಂದು ಕಿತ್ತಲ್ಲಿ ಎರಡು ಮೂರು ಬರುವುದು ಇದಕ್ಕೇ.

ಅಗೆತ

ಹಿಂದಿನ ದಿನ ನೀರು ಹಾಯಿಸಿ, ಫೋರ್ಕ್‌ನಿಂದ 20ರಿಂದ 25 ಸೆಂ.ಮೀ. ಆಳಕ್ಕೆ ಮಣ್ಣು ಮಗುಚಿ. ಬಾಡಿಗೆಯ ಟಿಲ್ಲರ್ ಯಂತ್ರ ಬೇಡವೇ ಬೇಡ. ಅದು ಜೇಕಿನ ಎಳೆಗಳನ್ನೂ ಗರಿಕೆಯ ಬೇರುಕಾಂಡಗಳನ್ನೂ ಕೊಚ್ಚಿ ಇಡೀ ಹಿತ್ತಿಲಿಗೆ ಬಿತ್ತುತ್ತದೆ. ಒಂದೇ ದಿನದಲ್ಲಿ ಮುಗಿಸುವ ಹಟವೂ ಬೇಡ. ದಿನಕ್ಕೊಂದು ಪಟ್ಟಿ ಅಗೆದು ಜರಡಿ ಹಿಡಿಯಿರಿ. ಸಿಕ್ಕ ಗಡ್ಡೆಗಳನ್ನು ಗೊಬ್ಬರದ ಗುಂಡಿಗೆ ಹಾಕದೆ, ಸಿಮೆಂಟ್ ನೆಲದ ಮೇಲೆ ಹರವಿ ಪೂರ್ತಿ ಒಣಗಿಸಿ ಕಸಕ್ಕೆ ಕೊಡಿ.

ಎರಡು ಮೂರು ಸೆಂ.ಮೀ. ದಪ್ಪ ಕಾಂಪೋಸ್ಟ್ ಹರಡಿ ಬೆರೆಸಿ. ಚೆನ್ನಾಗಿ ಕಳಿತದ್ದೇ ಆಗಬೇಕು. ಅರೆಬರೆ ಕಳಿತ ಸಗಣಿ ಗೊಬ್ಬರವೆಂದರೆ ಕಳೆ ಬೀಜದ ಚೀಲ. ಹೊರಗಿನಿಂದ ಲೋಡುಗಟ್ಟಲೆ ಮಣ್ಣು ತರಿಸುವವರಿದ್ದಾರೆ. ಜೇಕು ಇಲ್ಲದ ಎಷ್ಟೋ ಹಿತ್ತಿಲಿಗೆ ಅದು ಬರುವುದೇ ಆ ಮಣ್ಣಿನ ಜೊತೆ.

ನೆಲ ಸಮ ಮಾಡುವ ಕೆಲಸವನ್ನೂ ಈಗಲೇ ಪೂರ್ತಿ ಮುಗಿಸಿ. ಗೋಡೆಯಿಂದ ಆಚೆಗೆ ಮೀಟರಿಗೆ ಒಂದೆರಡು ಸೆಂ.ಮೀ. ಇಳಿಜಾರು ಸಾಕು.

ಕಾಯುವ ವಾರಗಳು

ಈಗ ಏನೂ ನೆಡಬೇಡಿ. ಹುಲ್ಲು ಇದೆಯೇನೋ ಎಂಬಂತೆ ಬರಿ ನೆಲಕ್ಕೆ ನೀರು ಕೊಡಿ. ಎರಡು ವಾರದೊಳಗೆ ನೆಲ ಹಸಿರಾಗುತ್ತದೆ, ಅಷ್ಟೂ ಕಳೆಯೇ. ನೋಡಿ ಗಾಬರಿಯಾಗಬೇಡಿ, ಅದು ಮೊಳೆಯಲೆಂದೇ ನೀರು ಕೊಟ್ಟದ್ದು. ಸಸಿಗಳು ಎರಡು ಮೂರು ಎಲೆಯಲ್ಲಿದ್ದಾಗ, ಬಿಸಿಲಿರುವ ಬೆಳಿಗ್ಗೆ, ಹರಿತವಾದ ಸಲಿಕೆಯನ್ನು ಮಲಗಿಸಿ ಹಿಡಿದು ಒಂದು ಸೆಂ.ಮೀ. ಆಳದಲ್ಲಿ ಹೆರೆಯಿರಿ. ಸಂಜೆಯೊಳಗೆ ಬಾಡುತ್ತವೆ. ಮತ್ತೆ ನೀರು, ಮತ್ತೆ ಮೊಳಕೆ, ಮತ್ತೆ ಹೆರೆತ. ಮೂರು ಸುತ್ತು ಆಗಲೇಬೇಕು.

ಜನ ಎಡವುವುದು ಇಲ್ಲಿಯೇ. ಎರಡನೇ ಸುತ್ತಿಗೆ ಬರುವಾಗ ನೆಲ ಏರುಪೇರಾಗಿ ಕಂಡು ಗುದ್ದಲಿ ಹಿಡಿದು ಮತ್ತೊಮ್ಮೆ ಅಗೆದುಬಿಡುತ್ತಾರೆ. ಸಣ್ಣ ಕಳೆ ಬೀಜಗಳು ಹೆಚ್ಚಾಗಿ ಮೊಳೆಯುವುದು ಮೇಲಿನ ಕೆಲವೇ ಸೆಂಟಿಮೀಟರ್ ಮಣ್ಣಿನಲ್ಲಿ. ಆಳದಲ್ಲಿರುವವು ವರ್ಷಗಟ್ಟಲೆ ಹಾಗೇ ಮಲಗಿರುತ್ತವೆ. ಆಳಕ್ಕೆ ಅಗೆದರೆ ಅವನ್ನೆಲ್ಲ ನೀವೇ ಮೇಲಕ್ಕೆ ತಂದಂತಾಯಿತು, ಹಿಂದಿನ ಸುತ್ತುಗಳ ಶ್ರಮವೆಲ್ಲ ದಂಡ. ಸಮ ಮಾಡುವುದನ್ನು ಮೊದಲೇ ಮುಗಿಸಲು ಹೇಳಿದ್ದು ಇದಕ್ಕೆ.

ಜೇಕಿಗೆ ಹೆರೆತ ಸಾಲದು. ಚಿಗುರು ಕಂಡಲ್ಲೆಲ್ಲ ಸಣ್ಣ ಗುದ್ದಲಿಯಿಂದ ಗಡ್ಡೆ ಸಮೇತ ಎಬ್ಬಿಸಿ, ಎಳೆ ಹೋದ ಕಡೆಯೆಲ್ಲ ಬೆರಳಿನಿಂದಲೇ ಹುಡುಕಿ. ಇಲ್ಲಿ ಮಾತ್ರ ಆಳಕ್ಕೆ ಇಳಿಯಬಹುದು. ಚಿಗುರಿ ಮೂರ್ನಾಲ್ಕು ವಾರವಾದರೆ ಅದು ಹೊಸ ಗಡ್ಡೆ ಕಟ್ಟಲು ಶುರುಮಾಡುತ್ತದೆ. ಹಾಗಾಗಿ ಈ ಹುಡುಕಾಟ ವಾರವಾರವೂ ನಡೆಯಬೇಕು.

ಬಿಸಿಲು ಜೋರಾಗಿರುವ ಕಾಲವಾದರೆ ಹೆರೆತದ ಬದಲು ಪ್ಲಾಸ್ಟಿಕ್ ಹಾಳೆ ಹೊದಿಸಬಹುದು. ಕಪ್ಪು ಹಾಳೆಯಲ್ಲ, ಪಾರದರ್ಶಕ ಹಾಳೆ. ಬಿಸಿಲು ಅದರ ಮೂಲಕ ಇಳಿದು ಮಣ್ಣನ್ನೇ ಕಾಯಿಸಬೇಕು. ನೆಲ ತೋಯಿಸಿ, ಹಾಳೆಯನ್ನು ಬಿಗಿಯಾಗಿ ಹಾಸಿ, ಅಂಚುಗಳನ್ನು ಮಣ್ಣಲ್ಲಿ ಹೂತು ನಾಲ್ಕರಿಂದ ಆರು ವಾರ ಬಿಡಿ. ಬೀಜದ ಕಳೆಗಳಿಗೆ ಇದು ಒಳ್ಳೆಯ ಉಪಾಯ. ಆದರೆ ಆಳದ ಜೇಕಿನ ಗಡ್ಡೆಗಳು ಬದುಕಿಕೊಳ್ಳುತ್ತವೆ, ಚೂಪು ಚಿಗುರು ಹಾಳೆಯನ್ನೇ ತೂತು ಮಾಡಿ ಬರುತ್ತದೆ.

ಕಳೆನಾಶಕ ಸಿಂಪಡಿಸಿದರೆ ಮುಗಿಯಿತಲ್ಲ ಎನ್ನುವವರಿಗೆ: ಗ್ಲೈಫೋಸೇಟ್ ಹಸಿರೆಲೆಯ ಮೂಲಕವೇ ಒಳಗಿಳಿಯಬೇಕು, ಮೊಳೆಯದ ಬೀಜಕ್ಕೆ ಅದು ಏನೂ ಮಾಡದು. ಅಗಲ ಎಲೆಯ ಕಳೆಗಳಿಗೆಂದು ಮಾರುವ 2,4-ಡಿ ಔಷಧಿಯಿಂದ ಜೇಕು ಸಾಯುವುದಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗ್ಲೈಫೋಸೇಟನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು ವರ್ಗೀಕರಿಸಿತು. ಹಲವು ದೇಶಗಳ ನಿಯಂತ್ರಣ ಸಂಸ್ಥೆಗಳು ಅದನ್ನು ಒಪ್ಪಿಲ್ಲ. ಆ ಚರ್ಚೆ ಏನೇ ಇರಲಿ, ಮಕ್ಕಳು ಬರಿಗಾಲಲ್ಲಿ ಆಡುವ ಜಾಗಕ್ಕೆ ನಾನಂತೂ ಯಾವ ಕಳೆನಾಶಕವನ್ನೂ ಹಾಕಲಾರೆ. ಉಪ್ಪು ಸುರಿಯುವವರೂ ಇದ್ದಾರೆ, ಅದರಿಂದ ಮುಂದೆ ಹುಲ್ಲೂ ಬರುವುದಿಲ್ಲ. ವಿನೆಗರ್ ಎಲೆಯನ್ನಷ್ಟೇ ಸುಡುತ್ತದೆ, ಬೇರು ಮತ್ತೆ ಚಿಗುರುತ್ತದೆ. ಲಾನ್ ಕೆಳಗೆ ಹಾಸಲೆಂದು ಮಾರುವ ಕಳೆ ತಡೆಯುವ ಬಟ್ಟೆಯಂತೂ ಹುಲ್ಲಿನ ಬೇರನ್ನೇ ತಡೆಯುತ್ತದೆ, ಅದಕ್ಕೆ ಹಣ ಹಾಕಬೇಡಿ.

ನೆಡುವುದು

ಇದು ಸುಲಭದ ಕೆಲಸ. ಎರಡು ಮೂರು ಗಿಣ್ಣಿರುವ ತುಂಡುಗಳನ್ನು ಎಂಟು ಹತ್ತು ಸೆಂ.ಮೀ. ಅಂತರದಲ್ಲಿ ನೆಟ್ಟು, ಸುತ್ತ ಮಣ್ಣು ಒತ್ತಿ, ಮೊದಲ ಎರಡು ವಾರ ಮೇಲ್ಮಣ್ಣು ಒಣಗದಂತೆ ಸ್ವಲ್ಪ ಸ್ವಲ್ಪವೇ ನೀರು ಕೊಡಿ. ಆಮೇಲೆ ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವಷ್ಟು. ಹಾಸಿನಂತೆ ಸುತ್ತಿ ಮಾರುವ ಹುಲ್ಲು ಕೊಳ್ಳುವುದಾದರೆ ಪ್ರತಿ ಹಾಸನ್ನೂ ತಿರುಗಿಸಿ ತಳದ ಮಣ್ಣಲ್ಲಿ ಜೇಕಿನ ಗಡ್ಡೆ ಇದೆಯೇ ನೋಡಿ. ಒಂದು ಕಂಡರೂ ವಾಪಸ್ ಕಳಿಸಿ.

ಕತ್ತರಿಸುವಾಗ ಒಮ್ಮೆಗೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ನೆಲ ಕಾಣುವಷ್ಟು ನುಣ್ಣಗೆ ಕತ್ತರಿಸಿದರೆ ಕಳೆ ಬೀಜಕ್ಕೆ ಬೇಕಾದ ಬೆಳಕನ್ನು ನೀವೇ ಒದಗಿಸಿಕೊಟ್ಟಂತೆ.

ಮೊದಲ ವರ್ಷ ವಾರಕ್ಕೊಮ್ಮೆ ಲಾನ್ ಮೇಲೆ ಬಗ್ಗಿ ನಡೆಯಿರಿ. ಎಲ್ಲಾದರೂ ಜೇಕು ಕಂಡರೆ ಕೀಳದೆ, ಅದರ ಸುತ್ತ ಉದ್ದದ ಚಾಕುವಿನಿಂದ ಗುಂಡಗೆ ಕೊಯ್ದು ಗೇಣುದ್ದದ ಮಣ್ಣಿನ ಹೆಂಟೆಯನ್ನೇ ಎತ್ತಿ ತೆಗೆಯಿರಿ. ಗುಂಡಿ ಮುಚ್ಚಲು ನಿಮ್ಮದೇ ಹಿತ್ತಿಲಿನ ಜರಡಿ ಹಿಡಿದ ಮಣ್ಣನ್ನು ಒಂದು ಬಕೆಟ್‌ನಲ್ಲಿ ಮೊದಲೇ ತೆಗೆದಿಟ್ಟುಕೊಂಡಿರಿ.