ಬ್ರ್ಯಾಂಡ್ ಬಿಟ್ಟು ಬ್ಯಾಲೆನ್ಸ್ ಶೀಟ್ ಹಿಡಿದ ಕಥೆ

ಒಂಬತ್ತು ವರ್ಷ ನಾನು ಬಿಸ್ಕತ್ತು ಮಾರಿದವನು. ಅಂಗಡಿಯಲ್ಲಿ ಕೂತು ಅಲ್ಲ, ಬ್ರ್ಯಾಂಡ್ ಮ್ಯಾನೇಜರ್ ಅಂತ. ಕವರ್ ಯಾವ ಬಣ್ಣ ಇರಬೇಕು, ಐದು ರೂಪಾಯಿ ಪ್ಯಾಕಿನಲ್ಲಿ ಎಷ್ಟು ಗ್ರಾಂ ಇಳಿಸಿದರೆ ಗಿರಾಕಿಗೆ ಗೊತ್ತಾಗಲ್ಲ, ಯುಗಾದಿಗೆ ಯಾವ ಜಾಹೀರಾತು, ಇದೇ ಕೆಲಸ. 2021ರಿಂದ ಬೆಂಗಳೂರಿನ ಒಂದು ಸಣ್ಣ ಹೂಡಿಕೆ ಫಂಡ್‌ನಲ್ಲಿದ್ದೇನೆ. ಇಂಥದ್ದೇ ಕಂಪನಿಗಳಿಗೆ ದುಡ್ಡು ಹಾಕಬಹುದಾ ಅಂತ ನೋಡುವುದು ಈಗಿನ ಕೆಲಸ. ಹೇಗೆ ಬದಲಾಯಿಸಿದೆ ಅಂತ ಹಳೆ ಸಹೋದ್ಯೋಗಿಗಳು ಆಗಾಗ ಕೇಳುತ್ತಾರೆ. ಯಾವ ಕೋರ್ಸ್ ಮಾಡಿದೆ ಅಂತ ಕೇಳುವವರೇ ಜಾಸ್ತಿ. ಆದರೆ ನನಗೆ ಕೆಲಸಕ್ಕೆ ಬಂದ ಪಾಠ ಕಲಿತಿದ್ದು ರಾಣೆಬೆನ್ನೂರಿನ ಒಂದು ಗೋಡೌನಿನಲ್ಲಿ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಎಲ್ಲರನ್ನೂ ಸೇಲ್ಸ್‌ಗೆ ಕಳಿಸುತ್ತಾರೆ. ಮಾರ್ಚ್ 31, ಸಂಜೆ ಆರು ಗಂಟೆ. ಟಾರ್ಗೆಟ್ ಮುಟ್ಟಲು ಇನ್ನೂ ಎಂಟು ಲಕ್ಷ ಬಾಕಿ. ಮ್ಯಾನೇಜರ್ ಹೇಳಿದ ಹಾಗೆ ನಾನು ಡಿಸ್ಟ್ರಿಬ್ಯೂಟರ್ ಮುಂದೆ ನಿಂತು, ರಿಯಾಯಿತಿ ಸ್ಕೀಮ್ ಕೊಡುತ್ತೇವೆ, ದುಡ್ಡು ನಿಧಾನಕ್ಕೆ ಕೊಡಿ, ಮಾಲು ಇಳಿಸಿಕೊಳ್ಳಿ ಅಂತ ಗೋಗರೆದೆ. ಸಾಹುಕಾರರು ಏನೂ ಮಾತಾಡದೆ ಗೋಡೌನಿನ ಶಟರ್ ಎತ್ತಿದರು. ಒಳಗೆ ಕಾಲಿಡಲು ಜಾಗವಿಲ್ಲ. ಕಾರ್ಟನ್ ಮೇಲೆ ಕಾರ್ಟನ್, ಕೆಳಗಿನ ಸಾಲು ಭಾರಕ್ಕೆ ಒಂದು ಕಡೆ ವಾಲಿದೆ, ಅದರ ಮೇಲೆ ತಯಾರಾದ ತಾರೀಕು ಡಿಸೆಂಬರಿನದು. "ತಮ್ಮಾ, ಇಷ್ಟನ್ನೂ ನಾ ತಿನ್ಲ್ಯೋ, ಮಾರ್ಲ್ಯೋ?" ಅಂದರು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ, ಅರ್ಧ ಲೋಡ್ ಇಳಿಸಿಕೊಂಡರು. ಕಂಪನಿ ಲೆಕ್ಕದಲ್ಲಿ ಅದು ಮಾರಾಟ. ಬಿಸ್ಕತ್ತು ಮಾತ್ರ ಗೋಡೌನ್ ಬಿಟ್ಟು ಕದಲಿರಲಿಲ್ಲ.

ಕಂಪನಿಯಿಂದ ಡಿಸ್ಟ್ರಿಬ್ಯೂಟರ್‌ಗೆ ಹೋದರೆ ಪ್ರೈಮರಿ, ಡಿಸ್ಟ್ರಿಬ್ಯೂಟರ್‌ನಿಂದ ಅಂಗಡಿಗೆ ಹೋದರೆ ಸೆಕೆಂಡರಿ. ಈ ಲೈನಿನಲ್ಲಿ ಇರುವವರಿಗೆಲ್ಲ ಇದು ಅಆಇಈ. ಹೊರಗಿನವರು ಇದನ್ನು ಹೇಗೆ ನೋಡುತ್ತಾರೆ ಅಂತ ಗೊತ್ತಾಗಿದ್ದು 2017ರಲ್ಲಿ. ಜುಲೈ 1ಕ್ಕೆ ಜಿಎಸ್‌ಟಿ ಬರುವುದಿತ್ತು. ಹಳೆ ಸ್ಟಾಕಿನ ಮೇಲೆ ಕಟ್ಟಿದ ತೆರಿಗೆ ಪೂರ್ತಿ ವಾಪಸ್ ಸಿಗುತ್ತೋ ಇಲ್ವೋ ಅನ್ನುವ ಭಯಕ್ಕೆ ಜೂನ್‌ನಲ್ಲಿ ಡಿಸ್ಟ್ರಿಬ್ಯೂಟರ್‌ಗಳು ಮಾಲು ತೆಗೆದುಕೊಳ್ಳುವುದನ್ನೇ ಕಡಿಮೆ ಮಾಡಿದರು. ನಮ್ಮ ಪ್ರೈಮರಿ ಬಿತ್ತು. ಜನ ಬಿಸ್ಕತ್ತು ತಿನ್ನುವುದನ್ನೇನೂ ಬಿಟ್ಟಿರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಗೋಡೌನ್ ಮತ್ತೆ ತುಂಬಿತು, ಪ್ರೈಮರಿ ಎದ್ದಿತು, ಟೀವಿಯಲ್ಲಿ ಕೋಟು ಹಾಕಿಕೊಂಡ ಒಬ್ಬ ಷೇರು ವಿಶ್ಲೇಷಕರು ಹಳ್ಳಿಯಲ್ಲಿ ಬೇಡಿಕೆ ವಾಪಸ್ ಬಂದಿದೆ ಅಂತ ವಿವರಿಸುತ್ತಿದ್ದರು. ಊಟ ಮಾಡುತ್ತಾ ನಕ್ಕೆ. ಆಮೇಲೆ, ಅವರ ಕೆಲಸ ನಾನೂ ಮಾಡಬಹುದಲ್ವಾ ಅನ್ನಿಸಿತು.

ಅಷ್ಟು ಸುಲಭ ಇರಲಿಲ್ಲ ಬಿಡಿ. ಮಾರ್ಕೆಟಿಂಗ್‌ನವರಿಗೆ ಲೆಕ್ಕ ಗೊತ್ತಿರುವುದು ಗ್ರಾಸ್ ಮಾರ್ಜಿನ್ (ಮಾರಿದ ದುಡ್ಡಿನಲ್ಲಿ ತಯಾರಿಕೆ ಖರ್ಚು ಕಳೆದು ಉಳಿಯುವುದು) ಮತ್ತು ಜಾಹೀರಾತು ಖರ್ಚಿನವರೆಗೆ ಮಾತ್ರ. ಅದರ ಕೆಳಗೆ ಏನಾಗುತ್ತೆ ಅಂತ ಅಷ್ಟು ವರ್ಷ ನಾನೂ ಕೇಳಿರಲಿಲ್ಲ, ನನಗೆ ಯಾರೂ ಹೇಳಿರಲಿಲ್ಲ. ಕಂಪನಿಗೆ ನಿಜವಾಗಿ ಎಷ್ಟು ದುಡ್ಡು ಬಂತು, ಎಷ್ಟು ಹೋಯಿತು ಅಂತ ಹೇಳುವ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಮೊದಲ ಸಲ ಸರಿಯಾಗಿ ಓದಿದ್ದು ಮೂವತ್ತೆರಡನೇ ವಯಸ್ಸಿನಲ್ಲಿ, ಹೇಳಿಕೊಳ್ಳಲು ನಾಚಿಕೆ. 2019ರಿಂದ ಎರಡು ವರ್ಷ ರಾತ್ರಿ ಹತ್ತರ ಮೇಲೆ ವಾರ್ಷಿಕ ವರದಿಗಳನ್ನು ಓದಿದೆ, ಮುಂದಿನ ಬಣ್ಣದ ಪುಟಗಳನ್ನು ಹಾರಿಸಿ, ಹಿಂದಿನ ಸಣ್ಣಕ್ಷರದ ನೋಟ್ಸ್‌ನಿಂದ ಶುರು ಮಾಡಿ. ಷೇರುಗಳನ್ನು ಅಧ್ಯಯನ ಮಾಡಿ ಸಲಹೆ ಕೊಡುವ ರಿಸರ್ಚ್ ಅನಲಿಸ್ಟ್‌ಗಳಿಗೆ, ಷೇರುಪೇಟೆ ನಿಯಂತ್ರಕ ಸೆಬಿಯ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ ಪರೀಕ್ಷೆ ಇದೆ, ಪಾಸಾಗಲು ನೂರಕ್ಕೆ ಅರವತ್ತು ಬೇಕು. ಅದನ್ನು ಬರೆದೆ. ಹೂಡಿಕೆ ವಿಶ್ಲೇಷಕರ ಅಂತರರಾಷ್ಟ್ರೀಯ ಪರೀಕ್ಷೆ ಸಿಎಫ್‌ಎಯ ಮೊದಲ ಹಂತವೂ ಆಯಿತು, ಎರಡನೆಯದಕ್ಕೆ ಕೈ ಹಾಕಲಿಲ್ಲ. ಇವುಗಳಿಂದ ಭಾಷೆ ಬಂತು, ಕೆಲಸ ಬರಲಿಲ್ಲ. ಮಾರ್ಕೆಟಿಂಗ್ ರೆಸ್ಯೂಮೆ ನೋಡಿದ ತಕ್ಷಣ ಪಕ್ಕಕ್ಕಿಡುತ್ತಿದ್ದರು ಅಂತ ಕಾಣುತ್ತೆ, ಐವತ್ತಕ್ಕೂ ಜಾಸ್ತಿ ಮೇಲ್ ಕಳಿಸಿದ್ದಕ್ಕೆ ಉತ್ತರ ಬಂದಿದ್ದು ಮೂರು.

ಆಗ ರೆಸ್ಯೂಮೆ ಕಳಿಸುವುದನ್ನು ನಿಲ್ಲಿಸಿ ನೋಟ್ ಬರೆದು ಕಳಿಸಲು ಶುರು ಮಾಡಿದೆ. ಒಂದು ಕಂಪನಿ, ಅದಕ್ಕೆ ದುಡ್ಡು ಹಾಕಬಹುದಾ ಅಂತ ನಾಲ್ಕು ಪುಟ. ಷೇರುಪೇಟೆಯಲ್ಲಿ ಇಲ್ಲದ ಕಂಪನಿಯಾದರೂ ಅದರ ಲೆಕ್ಕಪತ್ರ ಕೇಂದ್ರ ಸರ್ಕಾರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ (ಎಂಸಿಎ) ವೆಬ್‌ಸೈಟಿನಲ್ಲಿ ಸಿಗುತ್ತೆ, ಒಂದು ಕಂಪನಿಗೆ ನೂರು ರೂಪಾಯಿ ಕಟ್ಟಿದರೆ ಸಾಕು. ಇದು ಎಷ್ಟೋ ಎಂಬಿಎಗಳಿಗೂ ಗೊತ್ತಿಲ್ಲ. ಒಂದು ಕುರುಕಲು ತಿಂಡಿ ಕಂಪನಿಯ ಲೆಕ್ಕ ಹಾಗೆ ತೆಗೆದೆ. ಮಾರಾಟ ಒಂದೇ ವರ್ಷದಲ್ಲಿ 80 ಕೋಟಿಯಿಂದ 120 ಕೋಟಿ, ಲಾಭವೂ ಚೆನ್ನಾಗಿದೆ. ಆದರೆ ಬರಬೇಕಾದ ಬಾಕಿ 10 ಕೋಟಿ ಇದ್ದಿದ್ದು 34 ಕೋಟಿ ಆಗಿದೆ. ದಿನದ ಲೆಕ್ಕಕ್ಕೆ ತಂದರೆ 46 ದಿನಕ್ಕೆ ಬರುತ್ತಿದ್ದ ದುಡ್ಡಿಗೆ ಈಗ 103 ದಿನ. ಮಾಲು ಗೋಡೌನಿಗೆ ತುರುಕಿ ಮಾರಾಟ ಅಂತ ಬರೆದಿರಬಹುದು ಅನ್ನಿಸಿ, ನನಗೆ ರಾಣೆಬೆನ್ನೂರಿನ ಆ ವಾಲಿದ ಕಾರ್ಟನ್ ಸಾಲು ಕಣ್ಣಮುಂದೆ ಬಂತು.

ಎರಡು ಭಾನುವಾರ ರಾಜಾಜಿನಗರ, ವಿಜಯನಗರ, ಯಶವಂತಪುರದಲ್ಲಿ ಮೂವತ್ತು ಅಂಗಡಿ ಸುತ್ತಿದೆ. ಪ್ಯಾಕೆಟ್ ತಿರುಗಿಸಿ ತಯಾರಾದ ತಾರೀಕು ಬರೆದುಕೊಳ್ಳುವುದು, ಅಷ್ಟೇ ಕೆಲಸ. ಒಬ್ಬ ಅಂಗಡಿಯವರು ಫುಡ್ ಇನ್‌ಸ್ಪೆಕ್ಟರ್ ಅಂದುಕೊಂಡು ಕುರ್ಚಿ ಹಾಕಿ ಕಾಫಿ ತರಿಸಿದರು, ಇನ್ನೊಬ್ಬರು ತಗೊಳ್ಳೋದಾದ್ರೆ ತಗೊಳ್ಳಿ ಇಲ್ಲಾಂದ್ರೆ ಹೊರಡಿ ಅಂದರು. ಬೇರೆ ಕಂಪನಿಯ ಚಿಪ್ಸ್ ಎರಡು ಮೂರು ವಾರ ಹಳೆಯದು, ಇವರದ್ದು ಹೆಚ್ಚುಕಡಿಮೆ ಎಲ್ಲ ಕಡೆ ಹತ್ತು ವಾರ ದಾಟಿತ್ತು. ಆ ನೋಟಿಗೆ ಮರುದಿನವೇ ಫೋನ್ ಬಂತು. ನಾನು ಈಗಿರುವ ಫಂಡ್‌ನವರು ಅದೇ ಕಂಪನಿಗೆ ದುಡ್ಡು ಹಾಕುವ ಯೋಚನೆಯಲ್ಲಿದ್ದರಂತೆ.

ಅದೃಷ್ಟವೂ ಇತ್ತು, ಸುಮ್ನೆ ನನ್ನ ಬುದ್ಧಿವಂತಿಕೆ ಅನ್ನುವುದು ಬೇಡ. 2021ರಲ್ಲಿ ಆನ್‌ಲೈನ್ ಬ್ರ್ಯಾಂಡ್‌ಗಳ ಹಿಂದೆ ದುಡ್ಡು ಓಡುತ್ತಿತ್ತು, ಆ ವಸ್ತುಗಳನ್ನು ಮಾರಿ ಗೊತ್ತಿದ್ದವರಿಗೆ ಬೇಡಿಕೆ ಇತ್ತು. ಒಂದು ವರ್ಷ ತಡವಾಗಿದ್ದರೆ ಬಾಗಿಲು ಮುಚ್ಚಿರುತ್ತಿತ್ತು. ಸಂಬಳ ನೂರಕ್ಕೆ ನಲವತ್ತು ಕಡಿಮೆ. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ, "ಇಎಂಐ?" ಹದಿನಾಲ್ಕು ತಿಂಗಳ ಖರ್ಚು ಬೇರೆ ಖಾತೆಯಲ್ಲಿದೆ ಅಂತ ಪಾಸ್‌ಬುಕ್ ತೋರಿಸಿದ ಮೇಲೆ ಒಪ್ಪಿದಳು.

ಸೇರಿದ ಮೇಲೆ ಹಳೆ ಚಾಳಿ ಬಿಡುವುದೇ ಕಷ್ಟವಾಯಿತು. ಒಂದು ಫೇಸ್‌ವಾಶ್ ಬ್ರ್ಯಾಂಡ್ ದುಡ್ಡು ಕೇಳಿಕೊಂಡು ಬಂದಿತ್ತು. ಬಾಟಲಿ ಎಷ್ಟು ಚೆನ್ನಾಗಿತ್ತು ಅಂದರೆ ಮೀಟಿಂಗ್‌ನಲ್ಲಿ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇಪ್ಪತ್ತು ನಿಮಿಷ ಮಾತಾಡಿದೆ, ಹೆಸರು, ಕಥೆ, ಬಣ್ಣ, ಎಲ್ಲ. ನಮ್ಮ ಬಾಸ್ ಪೂರ್ತಿ ಕೇಳಿಸಿಕೊಂಡು, "ಜನವರಿಯಲ್ಲಿ ಕೊಂಡ ನೂರು ಜನರಲ್ಲಿ ಮತ್ತೆ ಕೊಂಡವರು ಎಷ್ಟು?" ಅಂದರು. ಕೇಳಿಯೇ ಇರಲಿಲ್ಲ. ಮರುದಿನ ಲೆಕ್ಕ ತರಿಸಿದರೆ, ಆರು ತಿಂಗಳಾದರೂ ಹನ್ನೊಂದು ಜನ. ನೂರು ರೂಪಾಯಿ ಮಾರಾಟಕ್ಕೆ ನಲವತ್ತೈದು ರೂಪಾಯಿ ಜಾಹೀರಾತಿಗೇ ಹೋಗುತ್ತಿತ್ತು. ಅಂದರೆ ಪ್ರತಿ ತಿಂಗಳೂ ಹೊಸ ಗಿರಾಕಿಯನ್ನು ದುಡ್ಡು ಕೊಟ್ಟು ಕರೆತರುವುದು. ನಾನು ಹಿಂದೆ ಮಾಡುತ್ತಿದ್ದ ಕೆಲಸವೇ ಅದು, ಆಗ ಅದಕ್ಕೆ ಬಜೆಟ್ ಅನ್ನುತ್ತಿದ್ದೆವು.

ಆ ಬಾಟಲಿ ಈಗಲೂ ಮನೆಯ ಬಾತ್‌ರೂಮಿನಲ್ಲಿದೆ. ಅರ್ಧ ಖಾಲಿಯಾಗಿದೆ. ನಾನೂ ಮತ್ತೆ ಕೊಂಡಿಲ್ಲ.