ಹೈಲಕ್ಸ್ ಮಂಡ್ಯದಲ್ಲಿ ಕಬ್ಬು ಹೊತ್ತಿದ್ದರೆ: 1/24 ಅಳತೆಯ ಪಿಕಪ್ ಕಟ್ಟಿದ ನನ್ನ ಅನುಭವ

ಪ್ಲಾಸ್ಟಿಕ್ ಕಿಟ್‌ನಿಂದ ಪಿಕಪ್ಪಿನ ಪುಟ್ಟ ಮಾಡೆಲ್ ಕಟ್ಟುವವರು ಸಾಮಾನ್ಯವಾಗಿ ಜಾಸ್ತಿ ಹೊತ್ತು ಕೊಡುವುದು ಬಾನೆಟ್‌ಗೆ, ಬಾಗಿಲಿಗೆ, ಹೊಳೆಯುವ ಪೇಂಟ್‌ಗೆ. ನಾನು ಕೊಡುವುದು ಹಿಂದಿನ ಬಾಡಿಗೆ. ಲೋಡು ಕೂರುವ ಜಾಗ ಅದು. ಗಾಡಿ ಏನು ಹೊತ್ತಿದೆ, ಯಾವ ಊರಲ್ಲಿ ದುಡಿದಿದೆ, ಯಜಮಾನ ಅದನ್ನು ಹೇಗೆ ನೋಡಿಕೊಂಡಿದ್ದಾನೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಕ್ಯಾಬಿನ್ ಎಷ್ಟೇ ಚೆನ್ನಾಗಿರಲಿ, ಹಿಂದಿನ ಬಾಡಿ ದುಡಿದ ಹಾಗೆ ಕಾಣದಿದ್ದರೆ ಅದು ಪಿಕಪ್ ಅಲ್ಲ, ಆಟಿಕೆ.

ನಾನು ತಗೊಂಡ ಕಿಟ್ ಜಪಾನಿನ ಆವೋಶಿಮಾ ಕಂಪನಿಯ 1/24 (ನಿಜದ ಗಾಡಿಯ 24ನೇ ಒಂದು ಭಾಗದಷ್ಟು) ಟೊಯೋಟಾ ಹೈಲಕ್ಸ್ ಡಬಲ್ ಕ್ಯಾಬ್, 1994ರ ಮಾದರಿ. ಜಪಾನಿನಲ್ಲೂ ನಮ್ಮ ಹಾಗೇ ರಸ್ತೆಯ ಎಡಗಡೆ ಓಡಿಸುತ್ತಾರೆ. ಹಾಗಾಗಿ ಸ್ಟೇರಿಂಗ್ ಬಲಗಡೆಯೇ ಇರುತ್ತದೆ. ಅಮೆರಿಕದ ಎಎಂಟಿ, ರೆವೆಲ್ ಕಿಟ್‌ಗಳಲ್ಲಿ ಫೋರ್ಡ್, ಷೆವ್ರೊಲೆ ಪಿಕಪ್‌ಗಳು ಬೇಕಾದಷ್ಟಿವೆ. ಆದರೆ ಅವು ಹೆಚ್ಚಾಗಿ 1/25 ಅಳತೆಯವು, ಸ್ಟೇರಿಂಗ್ ಎಡಗಡೆ. ಅದನ್ನು ನಮ್ಮ ಗಾಡಿ ಮಾಡಬೇಕೆಂದರೆ ಡ್ಯಾಶ್‌ಬೋರ್ಡನ್ನೇ ಕತ್ತರಿಸಿ ತಿರುಗಿಸಬೇಕು.

ಹೈಲಕ್ಸ್ ನಮ್ಮ ದೇಶದ ಮಾರುಕಟ್ಟೆಗೆ ಬಂದಿದ್ದೇ 2022ರಲ್ಲಿ. ತೊಂಬತ್ತರ ದಶಕದ ಈ ಚೌಕ ಮುಖದ ಗಾಡಿ ಇಲ್ಲಿ ಸಿಕ್ಕಿದ್ದಿದ್ದರೆ, ಒಬ್ಬ ಮಂಡ್ಯದ ರೈತ ತಗೊಂಡು ಆಲೆಮನೆಗೆ ಕಬ್ಬು ಹೊಡೆದಿದ್ದರೆ, ಈಗ ಹೇಗಿರುತ್ತಿತ್ತು? ನನ್ನ ಮಾಡೆಲ್‌ನ ಪೂರ್ತಿ ಯೋಚನೆ ಅಷ್ಟೇ. ಕೆಳಗೆ ಏಣಿಯಂಥ ಚಾಸಿಸ್, ಹಿಂದೆ ಲೀಫ್ ಸ್ಪ್ರಿಂಗ್ (ಭಾರ ಹೊರುವ ಬಾಗಿದ ಪಟ್ಟಿಗಳು), ಮೇಲೆ ಬೇರೆ ಬೇರೆಯಾಗಿ ಕೂರುವ ಕ್ಯಾಬಿನ್ ಮತ್ತು ಬಾಡಿ. ನಮ್ಮ ಗೂಡ್ಸ್ ಪಿಕಪ್‌ಗಳ ಕಟ್ಟು ಕೂಡ ಇದೇ ಅಲ್ವಾ? ಅದಕ್ಕೇ ಇದು ಹೊಂದುತ್ತದೆ ಅನಿಸಿತು.

ಕಟರ್ ಕೈಗೆ ತಗೊಳ್ಳುವ ಮೊದಲು ನಾನು ಮಾಡಿದ್ದು ಗಾಡಿ ನೋಡುವ ಕೆಲಸ. ಮಂಡ್ಯದ ಎಪಿಎಂಸಿ ಯಾರ್ಡಿಗೆ ಬೆಲ್ಲ ತರುವ ಪಿಕಪ್‌ಗಳು, ಪಾಂಡವಪುರದ ಕಡೆ ಆಲೆಮನೆ ಮುಂದೆ ನಿಲ್ಲುವವು, ಒಂದೊಂದನ್ನೂ ಹಿಂದಿನಿಂದ, ಪಕ್ಕದಿಂದ, ಬಗ್ಗಿ ಅಡಿಯಿಂದ ಫೋಟೊ ತೆಗೆದೆ. ಕೇಳಿಯೇ ತೆಗೆಯಬೇಕು. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಒಬ್ಬ ಡ್ರೈವರ್ ಅಂತೂ ಹಿಂದಿನ ಡೋರನ್ನು, ಅಂದರೆ ಬಾಡಿಯ ಹಿಂತುದಿಯ ಮುಚ್ಚಳವನ್ನು, ಇಳಿಸಿಯೇ ತೋರಿಸಿದರು. "ಇಲ್ನೋಡಣ್ಣ, ಡೋರು ಹೊರಕ್ಕೆ ಉಬ್ಬೈತೆ. ಲೋಡು ಒಳಗಿಂದ ತಾನೇ ತಳ್ಳೋದು? ಹೊರಗಿಂದ ತಗ್ಗು ಬಿದ್ದಿದ್ರೆ ಅದು ಯಾರೋ ಬಂದು ಗುದ್ದಿರೋದು" ಅಂದರು. ಆ ಒಂದು ಮಾತಿನಿಂದ ನನ್ನ ಅರ್ಧ ಕೆಲಸ ಆಯಿತು. ಮಾಡೆಲ್‌ಗಳಲ್ಲಿ ಜನ ತಗ್ಗನ್ನು ಕಂಡಕಂಡಲ್ಲಿ ಮಾಡುತ್ತಾರೆ. ತಗ್ಗಿಗೂ ಒಂದು ಕಾರಣ ಬೇಕು.

ಈಗ ಕತ್ತರಿಸುವ ವಿಷಯ. ಕಬ್ಬಿಗೆ ಉದ್ದದ ಬಾಡಿ ಬೇಕು, ಹಾಗಾಗಿ ಡಬಲ್ ಕ್ಯಾಬ್ (ಎರಡು ಸಾಲು ಸೀಟು) ಅನ್ನು ಸಿಂಗಲ್ ಕ್ಯಾಬ್ (ಒಂದೇ ಸಾಲು) ಮಾಡಬೇಕಿತ್ತು. ಮೊದಲು ಎಲ್ಲ ಪಾರ್ಟ್ಸನ್ನೂ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿದೆ. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆ ಅಂಶ ಉಳಿದರೆ ಪೇಂಟ್ ಹಿಡಿಯುವುದಿಲ್ಲ. ಆಮೇಲೆ ಕ್ಯಾಬಿನ್ ಸುತ್ತ ಮಾಸ್ಕಿಂಗ್ ಟೇಪನ್ನು ಎರಡು ಸಾಲಾಗಿ ಅಂಟಿಸಿದೆ: ಒಂದು ಮುಂದಿನ ಬಾಗಿಲು ಮುಗಿಯುವ ಗೆರೆಯ ಸ್ವಲ್ಪ ಹಿಂದೆ, ಇನ್ನೊಂದು ಹಿಂದಿನ ಗೋಡೆಯ ಸ್ವಲ್ಪ ಮುಂದೆ. ಮಧ್ಯದ ಭಾಗ, ಅಂದರೆ ಹಿಂದಿನ ಬಾಗಿಲುಗಳು ಮತ್ತು ಅವುಗಳ ಮೇಲಿನ ರೂಫ್, ಹೊರಗೆ ಬರಬೇಕು. ಟೇಪಿನ ಅಂಚಿಗೆ ಕಟರ್‌ನ ಬೆನ್ನಿನ ಕಡೆಯಿಂದ ಮೆಲ್ಲಗೆ ಗೀಚುತ್ತಾ ಹೋದೆ. ಬ್ಲೇಡಿನ ಚೂಪು ಪ್ಲಾಸ್ಟಿಕ್ಕನ್ನು ಸೀಳಿ ಪಕ್ಕಕ್ಕೆ ಎಬ್ಬಿಸುತ್ತದೆ. ಬೆನ್ನು ಮಾತ್ರ ಎಳೆ ಎಳೆಯಾಗಿ ಕೆರೆದು ತೆಗೆಯುತ್ತದೆ. ಗೆರೆ ಆಳವಾದ ಮೇಲೆ ತೆಳು ಗರಗಸ.

ಗರಗಸದ ಬಾಯಿ ಕೂಡ ಸ್ವಲ್ಪ ಪ್ಲಾಸ್ಟಿಕ್ ತಿನ್ನುತ್ತದೆ. ಆದ್ದರಿಂದ ಗೆರೆಯ ಮೇಲೇ ಕತ್ತರಿಸದೆ, ಬಿಸಾಡುವ ಭಾಗದ ಕಡೆ ಕತ್ತರಿಸಿ, ಉಳಿದಿದ್ದನ್ನು 400 ನಂಬರಿನ ಎಮರಿ ಪೇಪರನ್ನು ಗಾಜಿನ ಮೇಲೆ ಹಾಸಿ ಅದರ ಮೇಲೆ ಉಜ್ಜಿ ಗೆರೆಗೆ ತಂದೆ. ಮಟ್ಟ ಸಿಗುವುದು ಹೀಗೇ.

ಎರಡು ತುಂಡು ಕೂಡಿಸುವಾಗ ಸುಮ್ನೆ ಅಂಚಿಗೆ ಅಂಚು ಅಂಟಿಸಿದರೆ ನಿಲ್ಲುವುದಿಲ್ಲ. ರೂಫಿನ ಒಳಗಡೆ ಅಡ್ಡಲಾಗಿ ಒಂದು ಪ್ಲಾಸ್ಟಿಕ್ ಪಟ್ಟಿ ಹಾಕಿ, ಎರಡೂ ತುಂಡನ್ನು ಅದರ ಮೇಲೆ ಕೂರಿಸಿದೆ. ಮಾಡೆಲ್‌ಗೆ ಬಳಸುವ ನೀರಿನಂಥ 'ಸಿಮೆಂಟ್' ಬರೀ ಗೋಂದಲ್ಲ, ಅದು ಕಿಟ್‌ನ ಪ್ಲಾಸ್ಟಿಕ್ಕನ್ನು (ಪಾಲಿಸ್ಟೈರೀನ್) ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ಬಿರುಕು ತುಂಬಲು ಪುಟ್ಟಿ ಬಳಸಲಿಲ್ಲ. ಪಾರ್ಟ್ಸ್ ಹಿಡಿದುಕೊಂಡಿರುವ ಫ್ರೇಮಿನ ಚೂರುಗಳನ್ನು ಅದೇ ಸಿಮೆಂಟಿನ ಪುಟ್ಟ ಬಾಟಲಿಯಲ್ಲಿ ಹಾಕಿಟ್ಟರೆ ಕರಗಿ ಗಂಜಿಯ ಹಾಗಾಗುತ್ತದೆ. ಅದನ್ನೇ ಬಿರುಕಿಗೆ ತುಂಬಿದೆ. ಒಣಗಿದ ಮೇಲೆ ಅದೂ ಸುತ್ತಲಿನ ಪ್ಲಾಸ್ಟಿಕ್ಕೇ. ಉಜ್ಜುವಾಗ ಪುಟ್ಟಿ ಒಂದು ಥರ, ಬಾಡಿ ಒಂದು ಥರ ಸವೆಯುವ ತಾಪತ್ರಯ ಇಲ್ಲ. ಒಂದೇ ನಿಯಮ: ಪೂರ್ತಿ ಗಟ್ಟಿಯಾಗುವವರೆಗೆ ದಿನಗಟ್ಟಲೆ ಬಿಡಬೇಕು. ಬೇಗ ಉಜ್ಜಿದರೆ ಆಮೇಲೆ ಕುಗ್ಗಿ, ಪೇಂಟ್ ಅಡಿಯಲ್ಲಿ ಗೆರೆ ಏಳುತ್ತದೆ.

ಒಳಗಿನ ಸೀಟು, ನೆಲ, ಗಾಜು ಇವನ್ನೂ ಅದೇ ಲೆಕ್ಕಕ್ಕೆ ಕತ್ತರಿಸಿದ್ದಾಯಿತು. ಗಾಜಿಗೆ ಮಾತ್ರ ಸೂಪರ್ ಗ್ಲೂ ಬೇಡ, ಅದರ ಹೊಗೆ ಕೂತು ಮಬ್ಬಾಗುತ್ತದೆ. ಫೆವಿಕಾಲ್ ಸಾಕು, ಒಣಗಿದಾಗ ಕಾಣುವುದೇ ಇಲ್ಲ.

ಕ್ಯಾಬಿನ್ ಚಿಕ್ಕದಾಯಿತು, ಚಾಸಿಸ್ ಇದ್ದಷ್ಟೇ ಇದೆ. ಹಿಂದೆ ಸುಮಾರು 7 ಅಡಿ ಬಾಡಿಗೆ ಜಾಗ ಸಿಕ್ಕಿತು. 24ರಿಂದ ಭಾಗಿಸಿದರೆ 89 ಮಿ.ಮೀ. ಕಿಟ್‌ನ ಬಾಡಿ ಬದಿಗಿಟ್ಟು ಪ್ಲಾಸ್ಟಿಕ್ ಶೀಟಿನಿಂದ ಹೊಸದೇ ಕಟ್ಟಿದೆ. ಇಲ್ಲಿ ಎಲ್ಲರಿಗೂ ಬರುವ ಕಷ್ಟ ದಪ್ಪದ್ದು. ನಿಜವಾದ ಬಾಡಿಯ ತಗಡು ಒಂದೂವರೆ ಮಿ.ಮೀ. ಇದ್ದರೂ ಈ ಅಳತೆಯಲ್ಲಿ 0.06 ಮಿ.ಮೀ. ಆಗಬೇಕು. ಅಷ್ಟು ತೆಳು ಪ್ಲಾಸ್ಟಿಕ್ ನಿಲ್ಲುವುದೇ ಇಲ್ಲ. ಆದರೆ ದಪ್ಪ ಕಣ್ಣಿಗೆ ಕಾಣುವುದು ಅಂಚಿನಲ್ಲಿ ಮಾತ್ರ. ಅರ್ಧ ಮಿ.ಮೀ. ಶೀಟ್ ಹಾಕಿ, ಮೇಲಿನ ಅಂಚನ್ನು ಒಳಗಡೆಯಿಂದ ಇಳಿಜಾರಾಗಿ ಕೆರೆದೆ. ಮೇಲಿಂದ ನೋಡಿದರೆ ಕಾಗದದಷ್ಟು ತೆಳು. ನೆಲಕ್ಕೆ ಉದ್ದುದ್ದ ಪಟ್ಟಿ, ಪಕ್ಕಕ್ಕೆ ನೆಟ್ಟಗಿನ ಪಟ್ಟಿ, ಮೇಲೆ ಕಬ್ಬು ಜಾರದಂತೆ ಕಂಬಿಯ ಕಟ್ಟು. 20 ಮಿ.ಮೀ. ಪೈಪು ಅಂದರೆ ಇಲ್ಲಿ 0.8 ಮಿ.ಮೀ. ಹಿತ್ತಾಳೆ ತಂತಿ. ಹಿಂದಿನ ಡೋರಿನ ಚೈನಿಗೆ ಮೈಸೂರಿನ ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ಅತಿ ಸಣ್ಣ ಸರಪಳಿ ತಂದೆ.

ಡೋರನ್ನು ಪ್ಲಾಸ್ಟಿಕ್‌ನಲ್ಲಿ ಮಾಡಲಿಲ್ಲ. ಹೋಟೆಲಿನಿಂದ ಊಟ ಪಾರ್ಸೆಲ್ ಬರುವ ಅಲ್ಯೂಮಿನಿಯಂ ಡಬ್ಬಿಯ ತಳ ಕತ್ತರಿಸಿ, ಸುತ್ತ ಪ್ಲಾಸ್ಟಿಕ್ ಚೌಕಟ್ಟು ಕೊಟ್ಟೆ. ತಗಡು ತಗಡಿನ ಹಾಗೇ ಬಗ್ಗಬೇಕು. ಅದನ್ನು ಮೌಸ್‌ಪ್ಯಾಡಿನ ಮೇಲೆ ಮಗುಚಿ ಇಟ್ಟು, ಪೆನ್ನಿನ ದುಂಡನೆಯ ತುದಿಯಿಂದ ಒಳಗಿನ ಕಡೆಯಿಂದ ಒತ್ತಿದೆ. ಕಬ್ಬಿನ ತುದಿಗಳು ಗುದ್ದುವ ಎತ್ತರದಲ್ಲಿ ಸಣ್ಣ ಸಣ್ಣ ಉಬ್ಬು, ನಡುವೆ ಇಡೀ ಡೋರಿಗೇ ಒಂದು ದೊಡ್ಡ ಹೊಟ್ಟೆ. ಆ ಡ್ರೈವರ್ ತೋರಿಸಿದ್ದು ಇದನ್ನೇ. ಪೇಂಟ್ ಆದ ಮೇಲೆ ಬೆಳಕು ಬಿದ್ದಾಗ ಆ ಉಬ್ಬುಗಳ ಮೇಲೆ ಹೊಳಪು ಅಂಕುಡೊಂಕಾಗಿ ಓಡುತ್ತದಲ್ಲ, ಅದನ್ನು ಪ್ಲಾಸ್ಟಿಕ್ಕಿನಲ್ಲಿ ತರುವುದು ಬಹಳ ಕಷ್ಟ.

ಲೋಡು ಏನು ಅಂತ ತೀರ್ಮಾನಿಸಿದ ಮೇಲೇ ಗಾಡಿಯ ಎತ್ತರ ನಿರ್ಧರಿಸಬೇಕು. ಬಾಡಿ ತುಂಬ ಕಬ್ಬು ಇಟ್ಟು ಹಿಂಭಾಗ ಎದ್ದುಕೊಂಡೇ ಇದ್ದರೆ ಯಾವ ರೈತನೂ ನಂಬುವುದಿಲ್ಲ. ನಾನು ಲೀಫ್ ಸ್ಪ್ರಿಂಗ್‌ನ ಬಾಗು ಕಡಿಮೆ ಮಾಡಿ ಹಿಂಭಾಗವನ್ನು 2 ಮಿ.ಮೀ. ಇಳಿಸಿದೆ. ನಿಜದ ಗಾಡಿಯಲ್ಲಿ ಅದು ಸುಮಾರು 5 ಸೆಂ.ಮೀ. ಜೊತೆಗೆ ತೆಳು ಪಟ್ಟಿಯಿಂದ ಒಂದು ಎಕ್ಸ್‌ಟ್ರಾ ಪ್ಲೇಟು ಸೇರಿಸಿದೆ, ನಮ್ಮವರು ಹಾಕಿಸುತ್ತಾರಲ್ಲ ಹಾಗೆ. ಟೈರಿನ ಅಡಿಭಾಗವನ್ನೂ ಸ್ವಲ್ಪ ಉಜ್ಜಿ ಚಪ್ಪಟೆ ಮಾಡಿದರೆ ಭಾರ ನೆಲಕ್ಕೆ ಮುಟ್ಟುತ್ತದೆ.

ಪೇಂಟಿಗೆ ಮಳೆಗಾಲ ಆಗಿಬರುವುದಿಲ್ಲ. ಲ್ಯಾಕರ್ ಪೇಂಟ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಿಳಿ ಮಬ್ಬು ಕವಿಯುತ್ತದೆ. ಸಂಕ್ರಾಂತಿ ಕಳೆದು ಬಿಸಿಲು ಬಲಿತ ಮೇಲೆ ಮಾಡಿದೆ. ಕ್ಯಾಬಿನ್ ಬಿಳಿ. ಬಾಡಿಗೆ ಮಾತ್ರ ಬೇರೆ ಕ್ರಮ. ಮೊದಲು ತುಕ್ಕಿನ ಕಂದು ಬಣ್ಣ, ಅದು ಒಣಗಿದ ಮೇಲೆ ಮಾಮೂಲಿ ಹೇರ್ ಸ್ಪ್ರೇ, ಅದರ ಮೇಲೆ ನೀರಿನ ಅಕ್ರಿಲಿಕ್ ಬಿಳಿ. ಅಕ್ರಿಲಿಕ್ ಮುಟ್ಟುವಷ್ಟು ಆರಿದ ಕೂಡಲೇ ಒದ್ದೆ ಬ್ರಷ್ಷಿನಿಂದ ಮೆತ್ತಗೆ ತಟ್ಟಿದರೆ ಅಡಿಯ ಹೇರ್ ಸ್ಪ್ರೇ ಕರಗಿ ಬಿಳಿ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ತುಕ್ಕು ಕಾಣುತ್ತದೆ. ಎಲ್ಲಿ ಎಬ್ಬಿಸಬೇಕು ಅನ್ನುವುದಕ್ಕೆ ಮತ್ತೆ ಆ ಫೋಟೊಗಳೇ ದಾರಿ. ನೆಲದ ಪಟ್ಟಿಗಳ ಏರು, ಡೋರಿನ ಮೇಲಂಚು, ಹತ್ತುವಾಗ ಕಾಲಿಡುವ ಬಂಪರಿನ ಮೂಲೆ. ಬಾಡಿಯ ಹೊರಮೈ ಹೆಚ್ಚುಕಡಿಮೆ ಸರಿಯಾಗೇ ಇರುತ್ತದೆ. ಎಲ್ಲ ಕಡೆ ತುಕ್ಕು ಹಿಡಿಸಿದರೆ ಅದು ದುಡಿಯುವ ಗಾಡಿ ಅಲ್ಲ, ಗುಜರಿಗೆ ಬಿದ್ದ ಗಾಡಿ. ದುಡಿಯುವ ಗಾಡಿಯನ್ನು ಯಜಮಾನ ತೊಳೆಯುತ್ತಾನೆ, ಆಯುಧಪೂಜೆಗೆ ವಿಭೂತಿ ಬಳಿಯುತ್ತಾನೆ.

ನಂಬರ್ ಪ್ಲೇಟು ಬಾಡಿಗೆಗೆ ಓಡುವ ಗಾಡಿಯದು, ಹಳದಿ ಮೇಲೆ ಕಪ್ಪು ಅಕ್ಷರ, ಮಂಡ್ಯದ ಕೆಎ 11. ಹಿಂದಿನ ಎರಡು ಸಾಲಿನ ಪ್ಲೇಟು 340ಕ್ಕೆ 200 ಮಿ.ಮೀ., ಇಲ್ಲಿ ಸುಮಾರು 14ಕ್ಕೆ 8. ರಿಫ್ಲೆಕ್ಟರ್ ಟೇಪು ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು. ಡೋರಿನ ಮೇಲೆ 'ಶ್ರೀ ನಿಮಿಷಾಂಬ ಪ್ರಸನ್ನ' ಎಂದು ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಸ್ಟಿಕ್ಕರ್) ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆಸಿದೆ. ಮಾಮೂಲಿ ಪ್ರಿಂಟರಿನಲ್ಲಿ ಬಿಳಿ ಬಣ್ಣ ಇರುವುದಿಲ್ಲ, ಆದ್ದರಿಂದ ಬಿಳಿ ಡೋರಿಗೆ ಕೆಂಪು ಅಕ್ಷರ. ಅಕ್ಷರ ಎರಡೂವರೆ ಮಿ.ಮೀ.ಗಿಂತ ಚಿಕ್ಕದಾದರೆ ಒತ್ತುಗಳು ತುಂಬಿಕೊಂಡು ಚುಕ್ಕೆಯಾಗುತ್ತವೆ. ಡೆಕಾಲ್ ಕೂರಿಸುವ ಮುಂಚೆ ಹೊಳಪಿನ ಕ್ಲಿಯರ್ (ಬಣ್ಣವಿಲ್ಲದ ಪೇಂಟ್) ಹೊಡೆಯಲೇಬೇಕು. ಒರಟು ಮೈಮೇಲೆ ಹಾಕಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಹೊಳೆಯುತ್ತದೆ.

ಕಡೆಗೆ ಕಬ್ಬು. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ ಇದು. ಒಂದಿಂಚು ದಪ್ಪದ ಕಬ್ಬು ಈ ಅಳತೆಯಲ್ಲಿ ಒಂದು ಮಿ.ಮೀ. ಚಿಲ್ಲರೆ. ತೆಂಗಿನ ಗರಿಯ ಪೊರಕೆ ಕಡ್ಡಿಯ ನಡುಭಾಗ ಸರಿಯಾಗಿ ಅಷ್ಟೇ ಇರುತ್ತದೆ. 8 ಅಡಿ ಕಬ್ಬಿಗೆ 10 ಸೆಂ.ಮೀ. ಕಡ್ಡಿ, ಅಂದರೆ ಡೋರಿನ ಮೇಲಿಂದ ಸ್ವಲ್ಪ ಹೊರಗೆ ಚಾಚುತ್ತದೆ. ಚಾಚಲೇಬೇಕು. ಕಡ್ಡಿಗಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿಕೊಂಡೆ, ಇಲ್ಲದಿದ್ದರೆ ಬೂಷ್ಟು ಬರುತ್ತದೆ. ಹಸಿರು ಬೆರೆತ ಹಳದಿ ಬಳಿದು, ನಾಲ್ಕೈದು ಮಿ.ಮೀ.ಗೊಂದು ಗೆಣ್ಣಿನ ಉಂಗುರ ಬರೆದೆ: ತೆಳು ಕಂದು ಗೆರೆ, ಅದರ ಕೆಳಗೆ ಬೂದಿ ಬಿಳಿಯ ಪಟ್ಟೆ. ಕಬ್ಬಿನ ಗೆಣ್ಣಿನ ಕೆಳಗೆ ಬೆರಳಿಗೆ ಅಂಟುವ ಬಿಳಿ ಪುಡಿ ಇರುತ್ತದಲ್ಲ, ಅದು. ಎಲ್ಲ ಕಡ್ಡಿಗೂ ಗೆಣ್ಣು ಒಂದೇ ಮಟ್ಟದಲ್ಲಿ ಬರೆಯಬಾರದು. ಬುಡದ ಕಡೆ ಹತ್ತಿರ ಹತ್ತಿರ, ಮೇಲೆ ದೂರ ದೂರ. ಕಡಿದ ಬಾಯಿಗೆ ತಿಳಿ ಕೆನೆ ಬಣ್ಣ. ಒಣಗಿದ ಸೋಗೆಗೆ ಕಂದು ಕಾಗದವನ್ನು ಉದ್ದುದ್ದ ಸೀಳಿ, ಬೆರಳಲ್ಲಿ ಮುರುಟಿಸಿ ಅಲ್ಲಲ್ಲಿ ಸಿಕ್ಕಿಸಿದೆ. ಹಗ್ಗಕ್ಕೆ ಹೊಲಿಗೆ ದಾರವನ್ನು ತೆಳು ಫೆವಿಕಾಲ್ ನೀರಲ್ಲಿ ಎಳೆದರೆ ಜುಂಗು ಮಲಗುತ್ತದೆ.

ಧೂಳಿಗೆ ನಮ್ಮ ಹೊಲದ ಕೆಂಪು ಮಣ್ಣನ್ನೇ ಹಾಕಬಹುದು ಅನಿಸುತ್ತದೆ. ಆದರೆ 0.1 ಮಿ.ಮೀ. ಕಣ ಈ ಅಳತೆಯಲ್ಲಿ ಎರಡೂವರೆ ಮಿ.ಮೀ. ಜಲ್ಲಿಯಾಗುತ್ತದೆ. ಮಸ್ಲಿನ್ ಬಟ್ಟೆಯಲ್ಲಿ ಸೋಸಿದ ಮಣ್ಣು ಚಕ್ರದ ಮಡ್‌ಗಾರ್ಡ್ ಒಳಗೆ, ಅಂಟಿದ ಕೆಸರಿನ ಜಾಗಕ್ಕೆ ಮಾತ್ರ. ಮೇಲಿನ ತೆಳು ಧೂಳಿಗೆ ಪೇಸ್ಟಲ್ ಚಾಕ್ ಅರೆದ ಪುಡಿ. ಮುಂದಿನ ಗಾಜಿನ ಮೇಲೆ ವೈಪರ್ ಒರೆಸುವ ಜಾಗದ ಆಕಾರಕ್ಕೆ ಟೇಪ್ ಕತ್ತರಿಸಿ ಅಂಟಿಸಿ, ಆಮೇಲೆ ಮ್ಯಾಟ್ (ಹೊಳಪಿಲ್ಲದ) ಕ್ಲಿಯರ್ ಮತ್ತು ಧೂಳು. ಟೇಪ್ ಬಿಚ್ಚಿದಾಗ ಒರೆಸಿದ ಭಾಗ ಮಾತ್ರ ತಿಳಿಯಾಗಿ ಉಳಿಯುತ್ತದೆ. ರಿಫ್ಲೆಕ್ಟರ್ ಟೇಪುಗಳನ್ನು ಈ ಮ್ಯಾಟ್ ಆದ ಮೇಲೇ ಅಂಟಿಸಬೇಕು, ಮೊದಲೇ ಅಂಟಿಸಿದರೆ ಹೊಳಪು ಸಾಯುತ್ತದೆ.

ಕತ್ತರಿಸಿ ತೆಗೆದ ಹಿಂದಿನ ಬಾಗಿಲುಗಳನ್ನು ಎಸೆಯಬೇಡಿ. ಹೇರ್ ಸ್ಪ್ರೇ ಎಷ್ಟು ದಪ್ಪ ಬೇಕು, ಬಿಳಿ ಎಷ್ಟು ಆರಿದಾಗ ತಟ್ಟಬೇಕು, ಇದನ್ನೆಲ್ಲ ನಾನು ನೋಡಿಕೊಂಡಿದ್ದು ಆ ಬಾಗಿಲುಗಳ ಮೇಲೆ. ಅದೇ ಪ್ಲಾಸ್ಟಿಕ್, ಅದೇ ಬಾಗು. ಬೇರೆ ಯಾವ ಚೂರಿನ ಮೇಲೂ ಪರೀಕ್ಷೆ ಇಷ್ಟು ಸರಿಯಾಗಿ ಬರುವುದಿಲ್ಲ.